ಹೂಂಗುಟ್ಟುವವಳು

ರೇಷ್ಮೆಗೂಡನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿದರೆ ಸಾಕು, ಒಳಗಿನ ಹುಳು ಚೆನ್ನಾಗಿ ಒಣಗಿದೆಯೋ, ಕೊಳೆತು ಅಂಟಿಕೊಂಡಿದೆಯೋ, ಇಲ್ಲ ಎರಡು ಹುಳು ಸೇರಿ ಒಂದೇ ಮನೆ ಕಟ್ಟಿಕೊಂಡಿವೆಯೋ ಎಂದು ಮರಿತಾಯಮ್ಮ ಹೇಳಿಬಿಡುತ್ತಿದ್ದಳು. ತಿ. ನರಸೀಪುರದ ಆ ರೇಷ್ಮೆ ಕಾರ್ಖಾನೆಯಲ್ಲಿ ಗೂಡು ಆರಿಸುವ ಮೇಜಿನ ಸುತ್ತ ಆರು ಮಂದಿ ಹೆಂಗಸರು ಕೂರುತ್ತಿದ್ದರು. ಐವರು ಕಣ್ಣಿನಿಂದ ಆರಿಸುತ್ತಿದ್ದರು, ಇವಳು ಕಿವಿಯಿಂದ. ಇವಳ ಬುಟ್ಟಿಯಿಂದ ಹೋದ ಗೂಡು ಬಿಸಿನೀರಿನ ತೊಟ್ಟಿಯಲ್ಲಿ ನೂಲು ಬಿಚ್ಚಿಕೊಳ್ಳುವಾಗ ನಡುವೆ ಕಡಿಯುವುದು ಅಪರೂಪ. ಅದು ಅವಳಿಗೂ ಗೊತ್ತಿತ್ತು. ಹೊಸದಾಗಿ ಸೇರಿದ ಹುಡುಗಿಯರು ಹೇಗೆಂದು ಕೇಳಿದರೆ, ಗೂಡು ಹೇಳುತ್ತದೆ, ಕೇಳಿಸಿಕೊಳ್ಳುವ ವ್ಯವಧಾನ ನಿಮಗಿಲ್ಲ ಎಂದು ನಗುತ್ತಿದ್ದಳು.

ಅವಳು ಹುಟ್ಟಿದ್ದು ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿಯಲ್ಲಿ. ಆ ಊರನ್ನು ಹಾದು ಬರುವ ಕಪಿಲೆಯೇ ನರಸೀಪುರಕ್ಕೆ ಬಂದು ಕಾವೇರಿ ಸೇರುವುದು. ಮದುವೆಯಾಗಿ ಬಂದ ಹೊಸತರಲ್ಲಿ ಹೊಳೆಗೆ ಇಳಿದಾಗಲೆಲ್ಲ ಆ ಕಡೆಯ ನೀರನ್ನೇ ಹುಡುಕಿ ಮುಖ ತೊಳೆಯುತ್ತಿದ್ದಳಂತೆ.

ತವರಿನಲ್ಲಿ ಅವಳಿಗೊಂದು ಕೆಲಸವಿತ್ತು. ಅಜ್ಜಿ ಕಡಲೆಕಾಯಿ ಸುಲಿಯುತ್ತ ಕತೆ ಹೇಳುವಾಗ ಹೂಂಗುಟ್ಟುವುದು. ಐದು ವರ್ಷದವಳಿಂದ ಮದುವೆಯಾಗಿ ಹೋಗುವ ತನಕ ಆ ಮನೆಯಲ್ಲಿ ಹೂಂ ಎಂದವಳು ಇವಳೇ. ಹೂಂ ತಪ್ಪಿದರೆ ಅಜ್ಜಿ ಕತೆಯನ್ನು ಇದ್ದಲ್ಲೇ ಬಿಟ್ಟು ಕಡಲೆಕಾಯಿಯ ಕಡೆಗೆ ತಿರುಗುತ್ತಿದ್ದಳು, ರಾಜಕುಮಾರಿ ಮರದ ಮೇಲೆಯೇ ಉಳಿಯುತ್ತಿದ್ದಳು. ಹೂಂ ಎನ್ನುವುದಕ್ಕೂ ಕ್ರಮವಿತ್ತು. ದಾರಿ ನಡೆಯುವ ಕಡೆ ಉದ್ದಕ್ಕೆ ಎಳೆಯಬೇಕು, ಭಯದ ಕಡೆ ಉಸಿರಿನಲ್ಲಿ ಹೇಳಬೇಕು. ಆಮೇಲೇನಾಯಿತು ಎಂದು ಕೇಳಬಾರದು. ಹೇಳುವವರಿಗಿಂತ ಮೊದಲು ನಗಬಾರದು. ಮನೆಯ ಸಂಕಟವನ್ನು ಮನೆಯದೆಂದು ಅಜ್ಜಿ ಯಾವತ್ತೂ ಹೇಳುತ್ತಿರಲಿಲ್ಲ. ಒಂದೂರಿನಲ್ಲಿ ಒಬ್ಬಳು ಸೊಸೆ ಎಂದೇ ಶುರು ಮಾಡುತ್ತಿದ್ದಳು. ಆ ಸೊಸೆ ಯಾರೆಂದು ಕೂತವರಿಗೆಲ್ಲ ಗೊತ್ತಿರುತ್ತಿತ್ತು, ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ಕಾರ್ಖಾನೆಗೆ ಸೇರಿದ್ದು ಎಂಬತ್ತೈದರಲ್ಲಿ. ನಾಲ್ಕು ವರ್ಷದ ನಂತರ ಒಂದು ಶಿವರಾತ್ರಿಯ ಸುಮಾರಿಗೆ, ಕಟ್ಟಿಟ್ಟ ರೇಷ್ಮೆ ಲಡಿಗಳ ತೂಕ ಸುಮಾರು ಒಂದೂವರೆ ಕೆಜಿ ಕಡಿಮೆ ಬಂತು. ಕಳವಾಗಿದೆ ಎಂದು ಮೈಸೂರಿನ ಆಫೀಸಿನಿಂದ ಕಾಗದ ಬಂತು. ಆ ನೂಲಿನ ಲಡಿಗಳನ್ನು ಕಂತೆ ಕಟ್ಟುವ ಕೋಣೆಯಲ್ಲಿದ್ದವರು ನಾಲ್ವರು ಹೆಂಗಸರು. ಮೇಸ್ತ್ರಿ ಮಾದಯ್ಯ ಅವರನ್ನು ಬಯ್ಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಬಾಗಿಲಿಗೆ ಹೊರಗಡೆ ಒಂದು ಚಿಲಕ ಹಾಕಿಸಿದ. ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದವರು ಹನ್ನೊಂದರ ಟೀ ಸೈರನ್ನಿಗೆ ಹೊರಗೆ ಬರಬೇಕು, ಮತ್ತೆ ಒಳಗೆ ಹೋದರೆ ಒಂದೂವರೆಯ ಊಟಕ್ಕೆ. ಚಿಲಕ ಹಾಕಿ ತೆಗೆಯುವ ಜವಾಬ್ದಾರಿಯನ್ನು ಮರಿತಾಯಮ್ಮನಿಗೆ ಕೊಟ್ಟ. ಅವಳ ಮೇಜು ಆ ಬಾಗಿಲಿನ ಪಕ್ಕದಲ್ಲೇ ಇತ್ತು, ಅವಳ ನಿಯತ್ತಿನ ಬಗ್ಗೆ ಎರಡು ಮಾತಿರಲಿಲ್ಲ. ಇಷ್ಟು ಜನರಲ್ಲಿ ತನ್ನನ್ನೇ ನಂಬಿದರಲ್ಲ ಎಂದು ಆಗ ಅವಳಿಗೆ ಹೆಮ್ಮೆಯೇ ಆಗಿತ್ತು.

ಮೂರು ವರ್ಷ ಹೀಗೇ ನಡೆಯಿತು. ತೊಂಬತ್ತೆರಡರ ಆಷಾಢದ ಒಂದು ದಿನ ಒಳಗಿನಿಂದ ಯಾರೋ ಬಾಗಿಲು ತಟ್ಟಿದರು. ಮೊದಲು ಬೆರಳ ಗೆಣ್ಣಿನಿಂದ ಎರಡು ಸಲ, ಸ್ವಲ್ಪ ಹೊತ್ತು ಬಿಟ್ಟು ಅಂಗೈಯಿಂದ. ಸುತ್ತ ನೂಲು ಬಿಚ್ಚುವ ಮಷೀನುಗಳ ಸದ್ದು, ಮೇಜಿನ ಬೇರೆ ಯಾರಿಗೂ ಕೇಳಿಸಲಿಲ್ಲ. ಸೈರನ್ನಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು, ಮಾದಯ್ಯ ಆ ತುದಿಯಲ್ಲಿ ನಿಂತಿದ್ದ. ಮರಿತಾಯಮ್ಮ ಕೈಯಲ್ಲಿದ್ದ ಗೂಡನ್ನು ಕೆಳಗಿಟ್ಟಳು. ಆಮೇಲೆ ಇನ್ನೊಂದು ಗೂಡು ಎತ್ತಿಕೊಂಡಳು.

ಸೈರನ್ ಆಗಿ ಚಿಲಕ ತೆಗೆದಾಗ ಮೊದಲು ಬಂದವಳು ವಿಶಾಲಮ್ಮ. ದಿನಾ ಮಧ್ಯಾಹ್ನ ಮರಿತಾಯಮ್ಮನ ಜೊತೆ ಬುತ್ತಿ ಹಂಚಿಕೊಳ್ಳುವವಳು. ಅವಳ ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು. ಯಾರ ಮುಖವನ್ನೂ ನೋಡದೆ ನೇರವಾಗಿ ಅಂಗಳದ ನೀರಿನ ತೊಟ್ಟಿಯ ಹತ್ತಿರ ಹೋಗಿ, ಎರಡು ಬಿಂದಿಗೆ ನೀರನ್ನು ಮೈಮೇಲೆ ಸುರಿದುಕೊಂಡು, ಕಾಲು ಜಾರಿ ತೊಟ್ಟಿಗೆ ಬಿದ್ದೆ ಎಂದಳು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಮಷೀನಿನ ಸದ್ದಿಗೆ ನನಗೆ ಏನೂ ಕೇಳಿಸಲಿಲ್ಲ ಎಂದು ಮರಿತಾಯಮ್ಮ ಹೇಳಿದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ.

ಅಂದು ಮಧ್ಯಾಹ್ನವೂ ಇಬ್ಬರೂ ಬುತ್ತಿ ಹಂಚಿಕೊಂಡರು. ಮರುದಿನವೂ, ಅದರ ಮರುವರ್ಷವೂ. ಆ ಮಾತು ಅವರ ನಡುವೆ ಬರಲೇ ಇಲ್ಲ.

ತೊಂಬತ್ತೆಂಟರಲ್ಲಿ ಅಮೃತೇಶ್ ಮ್ಯಾನೇಜರಾಗಿ ಬಂದರು. ನಂಜನಗೂಡಿನವರು, ಮೂವತ್ತು ತುಂಬಿರಲಿಲ್ಲ, ದಿನಾ ಸ್ಕೂಟರಿನಲ್ಲಿ ಬಂದು ಹೋಗುತ್ತಿದ್ದರು. ಅವರಿಗೆ ಮೈಸೂರಿನಿಂದ ಹೇಳಿ ಕಳಿಸಿದ್ದು ಒಂದೇ ವಿಷಯ: ತಿಂಗಳಿಗೆ ಮೂರು ನಾಲ್ಕು ಹುಡುಗಿಯರು ಕೆಲಸ ಬಿಡುತ್ತಿದ್ದಾರೆ, ಕಾರಣ ಪತ್ತೆ ಮಾಡಿ. ಬಿಟ್ಟವರ ಅರ್ಜಿಗಳನ್ನೆಲ್ಲ ಅವರು ಓದಿದರು. ಎಲ್ಲರೂ ಹುಷಾರಿಲ್ಲ ಎಂದೇ ಬರೆದಿದ್ದರು. ಒಂದು ಕಾರ್ಖಾನೆ ಹೇಗಿದೆಯೆಂದು ತಿಳಿಯಬೇಕಾದರೆ ಅಲ್ಲಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಕತೆಗಳನ್ನು ಕೇಳಬೇಕು ಎಂದು ಅವರಿಗೆ ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಅವರು ಮನಸ್ಸಿಗೆ ಹಚ್ಚಿಕೊಂಡಿದ್ದರು.

ಒಂದು ಶನಿವಾರ ಟೇಪ್ ರೆಕಾರ್ಡರ್ ತಂದು ಮೇಜಿನ ಮೇಲಿಟ್ಟು, ಇಲ್ಲಿ ಕೆಲಸ ಮಾಡುವಾಗ ನಿಮಗಾದ ಒಂದು ಅನುಭವ ಹೇಳಿ ಎಂದರು. ಹತ್ತೊಂಬತ್ತು ಮಂದಿ ಹೇಳಿದರು. ಹತ್ತೊಂಬತ್ತು ಮಂದಿಯೂ ಕಾರ್ಖಾನೆ ತಾಯಿಯಂತೆ, ಸಾಹೇಬರು ದೇವರಂತೆ, ಮೇಸ್ತ್ರಿ ಮಾದಯ್ಯನವರು ತಂದೆಯಂತೆ ಎಂದರು. ಬಾಗಿಲ ಬಳಿ ನಿಂತಿದ್ದ ಮಾದಯ್ಯ ಕೈಕಟ್ಟಿಕೊಂಡು ಕೇಳಿದ. ಎಲ್ಲರೂ ಹೋದ ಮೇಲೆ ಅಮೃತೇಶ್ ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಿ ಕೇಳುತ್ತ ಕೂತಿದ್ದರು. ಚೆಲ್ಲಿದ ಗೂಡು ಗುಡಿಸುತ್ತಿದ್ದ ಮರಿತಾಯಮ್ಮನಿಗೆ ಅವರ ಮುಖ ನೋಡಿ ಕನಿಕರವಾಯಿತು.

"ಊಂಗುಟ್ಟೋರಿಲ್ದೆ ಕತೆ ಎಂಗ್ ಸಾ ಮುಂದುಕ್ಕೋದಾತು?" ಎಂದಳು. "ಈ ಪೆಟ್ಗೆ ಊಂ ಅನ್ನಕ್ಕಿಲ್ವಲ್ಲ."

ಅಮೃತೇಶ್ ನಗಲಿಲ್ಲ. ಗೋಣಿಚೀಲದ ಮೇಲೆ ಕೂತು, ಏನು ಮಾಡಬೇಕು ಹೇಳಿ ಎಂದರು. ಅವಳು ಹೇಳಿದಳು. ಪೆಟ್ಟಿಗೆ ಬೇಡ. ಮೇಸ್ತ್ರಿ ಬೇಡ. ಕೈ ಸುಮ್ಮನಿದ್ದರೆ ಬಾಯಿ ಕಟ್ಟುತ್ತದೆ, ಎಲ್ಲರ ಕೈಗೂ ಗೂಡು ಕೊಡಿ. ನೀವು ಕೂತಿರಿ, ಬರೆಯುವುದಿದ್ದರೆ ಆಮೇಲೆ ಬರೆದುಕೊಳ್ಳಿ. ಹೂಂ ಎನ್ನುವುದಕ್ಕೆ ನಾನಿದ್ದೇನೆ.

ಮುಂದಿನ ಶನಿವಾರ ಮೇಜಿನ ಸುತ್ತ ಇಪ್ಪತ್ತು ಮಂದಿ ಗೂಡು ಆರಿಸುತ್ತ ಕೂತರು. ಎರಡು ಬುಟ್ಟಿ ತುಂಬಿದವು. ಕೊನೆಗೆ ತೊಟ್ಟಿಯ ಹತ್ತಿರ ಕೆಲಸ ಮಾಡುವ ಒಬ್ಬಳು, ಒಂದೂರಿನಲ್ಲಿ ಒಬ್ಬಳು ರಾಜಕುಮಾರಿ, ಅವಳ ಬೆರಳಿನ ಚರ್ಮವನ್ನು ದಿನಾ ಒಂದು ಭೂತ ತಿನ್ನುತ್ತಿತ್ತು ಎಂದಳು. ಹೂಂ ಎಂದಳು ಮರಿತಾಯಮ್ಮ. ಭೂತ ಬಿಸಿನೀರಿನಲ್ಲಿ ವಾಸವಾಗಿತ್ತು. ಹೂಂ. ಆಳುವವನು ಮಾತ್ರ ನೀರನ್ನು ಇನ್ನೂ ಕಾಯಿಸಿ ಎನ್ನುತ್ತಿದ್ದ. ಹೂಂ.

ಹೀಗೆ ಶನಿವಾರದ ಅರ್ಧ ಗಂಟೆ ಕಾಯಂ ಆಯಿತು. ಅಮೃತೇಶ್ ಮೊದಲ ನಾಲ್ಕು ಕತೆಗಳನ್ನು ಕೇಳಿದ ಹಾಗೆಯೇ ಬರೆದು ಮೈಸೂರಿಗೆ ಕಳಿಸಿದರು. ವರದಿಯಲ್ಲಿ ಹೇಳಿರುವ ರಾಜ ಯಾವ ವಿಭಾಗದವನು, ಭೂತದ ವಿರುದ್ಧ ಯಾವ ಕ್ರಮ ಕೈಗೊಂಡಿದ್ದೀರಿ ಎಂದು ಅಲ್ಲಿಂದ ಉತ್ತರ ಬಂತು. ಆಮೇಲೆ ಅವರು ಸೋಮವಾರ ಬೆಳಿಗ್ಗೆ ಮರಿತಾಯಮ್ಮನ ಮೇಜಿನ ಬಳಿ ನಿಂತು ಅರ್ಥ ಕೇಳಿಕೊಂಡು ಹೋಗುವುದು ರೂಢಿಯಾಯಿತು. ತೊಟ್ಟಿಯ ನೀರಿನ ಬಿಸಿ ಇಳಿಯಿತು, ಕೈಗೆ ಹಚ್ಚಲು ಎಣ್ಣೆ ಬಂತು. ಸಂಜೆಯ ಸೈರನ್ ಐದು ನಿಮಿಷ ತಡವಾಗಿ ಕೂಗಿ ತಲಕಾಡಿನ ಬಸ್ಸು ತಪ್ಪುತ್ತಿದ್ದುದು ನಿಂತಿತು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಕೆಲಸ ಬಿಟ್ಟವರು ಇಬ್ಬರೇ. ಇಬ್ಬರೂ ಕಂತೆ ಕೋಣೆಯವರು.

ಅವರಲ್ಲಿ ಒಬ್ಬಳ ಜಾಗಕ್ಕೆ ಬಂದವಳು ರೋಜಾ. ಹತ್ತೊಂಬತ್ತು ವರ್ಷ, ಮಾತು ಖಾರ. ಸೇರಿದ ಎರಡನೆಯ ತಿಂಗಳಿಗೆ ಅವಳು ಒಂದು ಕತೆ ಹೇಳಿದಳು. ಒಂದೂರಿನಲ್ಲಿ ಒಬ್ಬಳು ಅತ್ತೆ. ಊರಿಗೆಲ್ಲ ಒಳ್ಳೆಯವಳು. ಅವಳು ಸೊಸೆಯರನ್ನು ಕಣಜದ ಕೋಣೆಯಲ್ಲಿ ಕೂಡಿ ಹೊರಗಿನಿಂದ ಚಿಲಕ ಹಾಕುತ್ತಿದ್ದಳು.

ಹೂಂ ಎನ್ನಬೇಕಾಗಿತ್ತು. ಮರಿತಾಯಮ್ಮ ಹೂಂ ಎಂದಳು.

ಸೊಸೆಯರು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟರು. ಕುಡಿದರೆ ಹೊರಗೆ ಹೋಗಬೇಕಾಗುತ್ತದಲ್ಲ. ಹೂಂ. ಒಬ್ಬಳಿಗೆ ಮೂತ್ರದಲ್ಲಿ ಕಲ್ಲಾಯಿತು, ಒಬ್ಬಳು ತವರಿಗೆ ಹೋದವಳು ಬರಲಿಲ್ಲ. ಹೂಂ. ಅತ್ತೆಯನ್ನು ಕೇಳಿದರೆ, ಮಾವನವರ ಅಪ್ಪಣೆ, ನಾನೇನು ಮಾಡಲಿ ಎನ್ನುತ್ತಿದ್ದಳು.

ರೋಜಾ ಕತೆ ಮುಗಿಸಿ ಮರಿತಾಯಮ್ಮನ ಮುಖವನ್ನೇ ನೋಡಿದಳು. ಪಕ್ಕದಲ್ಲಿದ್ದ ವಿಶಾಲಮ್ಮ ತಲೆಯೆತ್ತದೆ ಗೂಡು ಆರಿಸುತ್ತಿದ್ದಳು. ಕೊನೆಯ ಹೂಂ ತಡವಾಯಿತು, ಆದರೆ ಹೊರಟಿತು. ಹೇಳಿದ ಕತೆಗೆ ಹೂಂ ತಪ್ಪಿಸಿದವಳಲ್ಲ ಅವಳು.

ಈ ಸಲ ಅಮೃತೇಶರಿಗೆ ಅರ್ಥ ಕೇಳುವ ಅಗತ್ಯ ಕಾಣಲಿಲ್ಲ. ಕಂತೆ ಕೋಣೆಯ ಚಿಲಕವನ್ನು ಬಂದಾಗಿನಿಂದ ನೋಡುತ್ತಿದ್ದರೂ, ಅದು ಸರಕಿನ ಕಾವಲಿಗೆ ಎಂದುಕೊಂಡಿದ್ದರು. ಸೋಮವಾರ ಬೆಳಿಗ್ಗೆಯೇ ರೋಜಾಳನ್ನು ಆಫೀಸಿಗೆ ಕರೆಸಿ, ಅತ್ತೆಯ ಕಾಟವಿದ್ದರೆ ಮಹಿಳಾ ಸಂಘದವರ ಹತ್ತಿರ ಮಾತಾಡಿಸುತ್ತೇನೆ ಎಂದರು. "ನಂಗಿನ್ನೂ ಮದ್ವೆನೇ ಆಗಿಲ್ಲ ಕಣ್ಸಾ," ಎಂದು ರೋಜಾ ಎದ್ದು ಬಂದಳು. ಮಷೀನು ಹಾಲಿನಲ್ಲಿ ಇಡೀ ದಿನ ನಗು. ಮರುದಿನ ಅವರು ಮರಿತಾಯಮ್ಮನ ಮೇಜಿಗೇ ಬಂದು ನಿಂತರು. ಆ ಅತ್ತೆ ಯಾರು ಎಂದು ಕೇಳಿದರು.

ಗೊತ್ತಿಲ್ಲ ಎನ್ನಬಹುದಿತ್ತು. ಹಳ್ಳಿ ಕತೆ ಸಾ ಎಂದು ನಕ್ಕುಬಿಡಬಹುದಿತ್ತು. ಅವಳು ಕೈಯಲ್ಲಿದ್ದ ಗೂಡನ್ನು ನೋಡುತ್ತ, ಶನಿವಾರ ಹೇಳುತ್ತೇನೆ ಎಂದಳು.

ಆ ಮಾತು ಸಂಜೆಗೆ ಮಾದಯ್ಯನಿಗೆ ಮುಟ್ಟಿತು. ಅವನು ಕೆಟ್ಟವನಲ್ಲ. ಮರಿತಾಯಮ್ಮನ ಗಂಡ ತೀರಿಕೊಂಡಾಗ ಹದಿನೈದು ದಿನ ಹಾಜರಿ ಹಾಕಿ ಸಂಬಳ ಉಳಿಸಿಕೊಟ್ಟವನು. ಬಸ್ ಸ್ಟ್ಯಾಂಡಿನಲ್ಲಿ ಅವಳ ಪಕ್ಕ ನಿಂತು, ಮೆತ್ತಗೇ ಮಾತಾಡಿದ.

"ನೋಡವ್ವ, ಚಿಲ್ಕ ಆಕ್ಸಿದ್ದು ನಾನು ನಿಜ. ಅತ್ತು ವರ್ಷ ಆಕಿದ್ ಕೈ ಯಾರ್ದು? ನಾಳೆ ಬಾಗ್ಲು ತಗ್ದು ಒಂದ್ ಲಡಿ ಓಯ್ತು ಅನ್ಕೊ, ಯಾರ್ನ ಕೇಳ್ತಾರೆ? ನಿಂಗಿನ್ನು ಎಂಟು ವರ್ಷ ಸರ್ವೀಸದೆ. ಸುಮ್ಕಿದ್ಬುಡು."

ಅವಳು ಹೂಂ ಎನ್ನಲಿಲ್ಲ. ಬಸ್ಸು ಬಂತು, ಹತ್ತಿದಳು.

ಆ ವಾರ ಅವಳು ಎಂದಿನಂತೆ ಎಂಟಕ್ಕೆ ಚಿಲಕ ಹಾಕಿದಳು, ಸೈರನ್ನಿಗೆ ತೆಗೆದಳು. ಕೆಲಸ ಹೋದರೆ ಮಗಳ ಓದು ನಿಲ್ಲುತ್ತದೆ. ಅದು ಒಂದು ಕಡೆ. ಅದಕ್ಕಿಂತ ದೊಡ್ಡ ಹೆದರಿಕೆ ಮಧ್ಯಾಹ್ನದ ಬುತ್ತಿಯದು. ಶನಿವಾರ ಬಾಯಿ ಬಿಟ್ಟರೆ ಸೋಮವಾರ ವಿಶಾಲಮ್ಮ ಎದುರಿಗೆ ಕೂರುತ್ತಾಳೋ ಇಲ್ಲವೋ. ಏಳು ವರ್ಷದಿಂದ ಮುಚ್ಚಿಟ್ಟ ಅವಳ ಮಾನವನ್ನು ಇಪ್ಪತ್ತು ಜನರ ಮುಂದೆ ಬಿಚ್ಚುವ ಹಕ್ಕು ತನಗಿದೆಯೋ ಇಲ್ಲವೋ. ಶುಕ್ರವಾರ ಮುದ್ದೆ ಮುರಿಯುತ್ತ, ಅವತ್ತಿನ ವಿಷಯ ಹೇಳಲೇ ಎಂದಷ್ಟೇ ಕೇಳಿದಳು. ಯಾವತ್ತಿನದು ಎಂದು ವಿಶಾಲಮ್ಮ ಕೇಳಲಿಲ್ಲ. ನಿನ್ನದನ್ನು ನೀನು ಹೇಳು ಎಂದು ಕೈ ತೊಳೆಯಲು ಎದ್ದು ಹೋದಳು. ಆ ಉತ್ತರದಿಂದ ಏನು ತಿಳಿಯಬೇಕೆಂದು ಮರಿತಾಯಮ್ಮನಿಗೆ ಗೊತ್ತಾಗಲಿಲ್ಲ.

ಶನಿವಾರ ಮೇಜಿನ ಸುತ್ತ ಎಂದಿಗಿಂತ ಹೆಚ್ಚು ಜನ ಕೂತಿದ್ದರು. ಮಾದಯ್ಯನೂ ಬಂದು ಬಾಗಿಲ ಬಳಿ ನಿಂತ. ಅಮೃತೇಶ್ ಅವನ ಕಡೆ ನೋಡಿದಾಗ ಮರಿತಾಯಮ್ಮನೇ, ಇರಲಿ ಬಿಡಿ, ಕೇಳಲಿ ಎಂದಳು.

ಒಂದೂರಿನಲ್ಲಿ ಒಬ್ಬಳು ಎಂದು ಶುರು ಮಾಡಿದಳು. ಅಲ್ಲಿಗೇ ನಿಂತಳು. ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಹಾಕಿದಳು.

"ಒಬ್ಳು ಅಲ್ಲ," ಎಂದಳು. "ನಾನು."

ಆ ಮೇಜಿನ ಸುತ್ತ ಅಷ್ಟು ದಿನ ಯಾರೂ ಆ ಮಾತಿನಿಂದ ಕತೆ ತೆಗೆದಿರಲಿಲ್ಲ. ಆರಿಸುತ್ತಿದ್ದ ಕೈಗಳು ನಿಂತವು. ಅವಳು ಮುಂದುವರಿಸಿದಳು. ಚಿಲಕದ ಕೆಲಸ ಕೊಟ್ಟಾಗ ಹೆಮ್ಮೆಪಟ್ಟೆ ಎಂದಳು. ಯಾರೂ ಹೂಂ ಎನ್ನಲಿಲ್ಲ. ಹೂಂ ಎನ್ನುವವಳೇ ಹೇಳಲು ಕೂತರೆ ಎನ್ನುವವರು ಯಾರು? ಆಷಾಢದ ಒಂದು ದಿನ ಒಳಗಿನಿಂದ ಬಾಗಿಲು ತಟ್ಟಿದರು ಎಂದಳು. ಅದಕ್ಕೂ ಸದ್ದಿಲ್ಲ. ಒಂದೊಂದು ಮಾತೂ ಮೇಜಿನ ಮೇಲೆ ಬಿದ್ದು ಅಲ್ಲೇ ಉಳಿಯಿತು. ಅಜ್ಜಿ ಕತೆ ಬಿಟ್ಟು ಕಡಲೆಕಾಯಿಯ ಕಡೆ ತಿರುಗುತ್ತಿದ್ದುದು ಯಾಕೆಂದು ಅವಳಿಗೆ ಆಗ ತಿಳಿಯಿತು. ಅದು ಕೋಪವಾಗಿರಲಿಲ್ಲ. ಇಂಥ ಕಡೆ ಒಬ್ಬಳೇ ನಡೆಯಲು ಆಗುವುದಿಲ್ಲ.

ನಿಲ್ಲಿಸಿಬಿಡೋಣ ಎನ್ನಿಸಿತು.

"ಊಂ," ಎಂದಳು ವಿಶಾಲಮ್ಮ.

ಮರಿತಾಯಮ್ಮ ಅವಳ ಕಡೆ ನೋಡುವ ಧೈರ್ಯ ಮಾಡಲಿಲ್ಲ. ಒಳಗಿದ್ದದ್ದು ಯಾರೆಂದು ಹೇಳಲಿಲ್ಲ, ಒಳಗೆ ಏನಾಯಿತೆಂದೂ ಹೇಳಲಿಲ್ಲ. ತನ್ನದನ್ನಷ್ಟೇ ಹೇಳಿದಳು. ಗೂಡು ಕೆಳಗಿಟ್ಟದ್ದು, ಮತ್ತೆ ಇನ್ನೊಂದನ್ನು ಎತ್ತಿಕೊಂಡದ್ದು, ಇಪ್ಪತ್ತು ನಿಮಿಷ. ಪ್ರತಿ ಮಾತಿಗೂ ವಿಶಾಲಮ್ಮ ಹೂಂ ಎಂದಳು.

"ಕೇಳ್ಸಲಿಲ್ಲ ಅಂದೆ," ಎಂದು ಮರಿತಾಯಮ್ಮ ಮುಗಿಸಿದಳು. "ಕೇಳ್ಸಿತ್ತು."

ಈಗ ವಿಶಾಲಮ್ಮ ತಲೆಯೆತ್ತಿದಳು. "ಗೂಡೊಳ್ಗಿನ್ ಉಳಾನೇ ಕೇಳೋ ಕಿವಿ ಕಣವ್ವ ನಿಂದು. ಬಾಗ್ಲು ಕೇಳ್ನಿಲ್ಲ ಅಂದ್ರೆ ನಾ ನಂಬಿದ್ನಾ? ಅವತ್ತಿಂದ ಗೊತ್ತು. ನೀನಾಗೇ ಯಾವತ್ತಾರ ಯೋಳ್ತೀಯ ಅಂತ ಕಾಯ್ತಿದ್ದೆ." ಆಮೇಲೆ ಅಮೃತೇಶರ ಕಡೆ ತಿರುಗಿದಳು. "ಒಳ್ಗಿದ್ದೋಳು ನಾನು ಸಾ. ಬರ್ಕಳಿ. ವಿಶಾಲಮ್ಮ ಅಂತ್ಲೇ ಬರ್ಕಳಿ."

ಆ ಸಲದ ವರದಿಯಲ್ಲಿ ರಾಜನೂ ಇರಲಿಲ್ಲ, ಅತ್ತೆಯೂ ಇರಲಿಲ್ಲ. ಎರಡು ಹೆಸರುಗಳಿದ್ದವು. ಮೈಸೂರಿನವರು ಚಿಲಕ ತೆಗೆಯಲು ಒಪ್ಪಿದರು, ಆದರೆ ಹತ್ತು ವರ್ಷದ ಹಿಂದೆ ಕಳವಾದದ್ದಕ್ಕೆ ಏನು ಹೇಳುತ್ತೀರಿ, ಮತ್ತೆ ಆಗದಂತೆ ಏನು ಮಾಡುತ್ತೀರಿ ಎಂದು ಕೇಳಿದರು. ಅಮೃತೇಶ್ ಒಂದು ಕಂತೆಯನ್ನು ಅರಗಿನ ಮುದ್ರೆ ಒತ್ತಿ ಕೋಣೆಯಲ್ಲಿಟ್ಟು, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ತೂಗುವುದೆಂದು ಗೊತ್ತು ಮಾಡಿದರು. ತೂಗುವ ಕೆಲಸವನ್ನು ಮಾದಯ್ಯನಿಗೇ ಕೊಟ್ಟರು. ಮುದ್ರೆ ಒಡೆಯಲಿಲ್ಲ, ಯಾರೂ ಮುಟ್ಟಲಿಲ್ಲ. ಆದರೂ ಬೆಳಗಿನ ಇಬ್ಬನಿಯ ಹೊತ್ತಿಗೆ ಕಂತೆ ಭಾರವಿರುತ್ತಿತ್ತು, ಬಿಸಿಲೇರಿದ ಮೇಲೆ ಹಗುರವಾಗುತ್ತಿತ್ತು. ಚಳಿ ಕಳೆದು ಒಣಗಾಳಿ ಬೀಸತೊಡಗಿದಾಗ ಇನ್ನೂ ಇಳಿಯಿತು. ರೇಷ್ಮೆ ಗಾಳಿಯ ನೀರನ್ನು ಕುಡಿಯುತ್ತದೆ, ಬಿಡುತ್ತದೆ. ಆ ಒಂದೂವರೆ ಕೆಜಿಯನ್ನು ತೆಗೆದುಕೊಂಡು ಹೋದದ್ದು ಶಿವರಾತ್ರಿಯ ಗಾಳಿ.

ಮಾದಯ್ಯ ಕಂತೆಯನ್ನು ತಕ್ಕಡಿಯಿಂದ ಇಳಿಸಿ ಮತ್ತೊಮ್ಮೆ ಇಟ್ಟು ತೂಗಿದ. ಮರುದಿನ ಬಡಗಿಯನ್ನು ಕರೆಸುತ್ತೇನೆಂದು ಅಮೃತೇಶ್ ಹೇಳಿದರೆ, ಬೇಡ ಎಂದು ತಾನೇ ಸ್ಕ್ರೂಡ್ರೈವರ್ ಹುಡುಕಿ ತಂದ. ಚಿಲಕದ ತುಕ್ಕು ಹಿಡಿದ ಸ್ಕ್ರೂಗಳು ಸುಲಭಕ್ಕೆ ಬರಲಿಲ್ಲ. ಬಾಗಿಲನ್ನು ಅಲುಗಾಡದಂತೆ ಹಿಡಿದುಕೊಂಡವಳು ಮರಿತಾಯಮ್ಮ.

ಶನಿವಾರದ ಅರ್ಧ ಗಂಟೆಯನ್ನು ಅವಳು ಎರಡು ಸಾವಿರದ ಏಳರಲ್ಲಿ ನಿವೃತ್ತಳಾಗುವ ತನಕ ನಡೆಸಿದಳು. ಅಷ್ಟರಲ್ಲಿ ಅಮೃತೇಶರಿಗೆ ವರ್ಗವಾಗಿ ಇಬ್ಬರು ಮ್ಯಾನೇಜರುಗಳು ಬಂದು ಹೋಗಿದ್ದರು. ಬಂದವರಿಗೆಲ್ಲ ಅವಳು ಗೋಣಿಚೀಲ ತೋರಿಸಿ ಕೂರಲು ಹೇಳುತ್ತಿದ್ದಳು, ಅವರೂ ಕೂರುತ್ತಿದ್ದರು. ಆ ಮೇಜಿನ ಸುತ್ತ ಕತೆಗಳು ನಾನು ಎಂದು ಶುರುವಾಗುವುದು ಕ್ರಮೇಣ ಹೆಚ್ಚಾಯಿತು.

ಆದರೆ ಚಿಲಕ ತೆಗೆದ ಮೊದಲ ದಿನ ನಡೆದದ್ದು ಬೇರೆ. ಬಾಗಿಲು ತೆರೆದೇ ಇತ್ತು. ಒಳಗಿನ ನಾಲ್ವರೂ ಸೈರನ್ ಆಗುವ ತನಕ ಕೂತೇ ಇದ್ದರು. ಎರಡನೆಯ ದಿನವೂ ಯಾರೂ ಎದ್ದು ಬರಲಿಲ್ಲ. ರೋಜಾ ಕೂಡ ಒಂದು ಸಲ ಹೊಸ್ತಿಲ ತನಕ ಬಂದು ಹಿಂದಕ್ಕೆ ಹೋದಳು. ಮರಿತಾಯಮ್ಮ ಬಾಗಿಲ ಕಡೆ ಬೆನ್ನು ಮಾಡಿ ಕೂತಳು.

ಮೂರನೆಯ ದಿನ ಹತ್ತೂವರೆಗೆ ವಿಶಾಲಮ್ಮ ಎದ್ದಳು. ಸೆರಗು ಸರಿಮಾಡಿಕೊಂಡು, ಹೊಸ್ತಿಲು ದಾಟಿ, ಗೂಡಿನ ಮೇಜನ್ನು ಬಳಸಿಕೊಂಡು, ಮಷೀನುಗಳ ನಡುವೆ ನಡೆದು ಅಂಗಳಕ್ಕೆ ಹೋದಳು. ನೀರಿನ ತೊಟ್ಟಿಯ ಹತ್ತಿರ ಹೋಗಲಿಲ್ಲ, ಬಚ್ಚಲಿನ ಕಡೆಗೂ ಹೋಗಲಿಲ್ಲ. ಹೊಂಗೆ ಮರದ ಆಚೆ, ಬಿಸಿಲು ಬಿದ್ದಲ್ಲಿ, ಸುಮ್ಮನೆ ನಿಂತಳು. ಅವಳಿಗೆ ಅಲ್ಲಿ ಯಾವ ಕೆಲಸವೂ ಇರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೋದ ಹಾಗೆಯೇ ನಿಧಾನವಾಗಿ ನಡೆದು ಬಂದು ತನ್ನ ಜಾಗದಲ್ಲಿ ಕೂತು ಲಡಿ ಎತ್ತಿಕೊಂಡಳು.